ಳ, ದೊಡ್ಡದು

ಬಂದರಿನ ಒಳರಸ್ತೆಯಲ್ಲಿ, ಒಣಮೆಣಸಿನ ಮಂಡಿಯ ಮೇಲೆ
ನಮ್ಮ ಅಚ್ಚುಕೂಟ. ಮೆಟ್ಟಿಲು ಹತ್ತುವಾಗಲೇ ಸೀನು.
ನನ್ನದು ಓದುವ ಕೆಲಸ.
ಕೈಬರಹ ನನ್ನ ಕೈಯಲ್ಲಿ, ಕರಡು ಇಜಿದೋರ್ ಪೊರ್ಬುಗಳ ಮುಂದೆ.
ನಾನು ಗಟ್ಟಿಯಾಗಿ ಓದಬೇಕು, ಅವರು ಪೆನ್ಸಿಲ್ ಓಡಿಸಬೇಕು,
ದಿನಕ್ಕೆ ಎಂಟು ಗಂಟೆ, ನಡುವೆ ಒಂದು ಚಾ.

ಸೊಸೈಟಿಯ ವರದಿ, ಮದುವೆ ಕಾಗದ, ಬೊಜ್ಜದ ಕಾಗದ,
ಹೆಂಚಿನ ಕಾರ್ಖಾನೆಯ ದರಪಟ್ಟಿ,
ಮಳೆಗಾಲ ಮುಗಿದ ಮೇಲೆ ಕವನ ಸಂಕಲನ.
ಎಲ್ಲವನ್ನೂ ಒಂದೇ ಸ್ವರದಲ್ಲಿ ಓದು ಮಾರಾಯ್ತಿ, ಎನ್ನುತ್ತಿದ್ದರು,
ನೀನು ರಾಗ ಎಳೆದರೆ ನನಗೆ ತಪ್ಪು ಕಾಣುವುದಿಲ್ಲ.

ಹಾಗೆ ನಾನು ಓದಿದ ಕವಿತೆಗಳು ಹೀಗಿರುತ್ತಿದ್ದವು:
ಇರುಳು ಅಲ್ಪವಿರಾಮ ನನ್ನ ಇರುಳು ಅಲ್ಪವಿರಾಮ
ಯಾರ ಕದ ತಟ್ಟಲಿ ಪ್ರಶ್ನೆ ಹೊಸ ಸಾಲು
ತಟ್ಟಿದರೆ ಮೂರು ಚುಕ್ಕಿ
ಯಾರು ಉದ್ಗಾರ

ಕವಿಗಳು ಕೇಳಿದ್ದರೆ ಬಾವಿಗೆ ಹಾರುತ್ತಿದ್ದರು.
ಒಬ್ಬರು ಕೇಳಿದರು, ಕಟಪಾಡಿಯ ಮಾಸ್ತರರು, ಬಾಗಿಲಲ್ಲೇ ನಿಂತು.
ಹಾರಲಿಲ್ಲ. ಮರುದಿನ ಬಂದು
ಎಂಟು ಉದ್ಗಾರ ಹೊಡೆದುಹಾಕಿದರು.

ನನ್ನ ಮನೆಮಾತು ತುಳು, ಪೊರ್ಬುಗಳದು ಕೊಂಕಣಿ.
ಕನ್ನಡ ನಮ್ಮಿಬ್ಬರಿಗೂ ಇಸ್ತ್ರಿ ಮಾಡಿ ಹಾಕಿಕೊಂಡ ಅಂಗಿ.
ನನ್ನ ನಾಲಗೆ ಮಡಚುವ ಮೊದಲೇ ಳ ಜಾರಿ
ಲ ಆಗಿ ಕೂತುಬಿಡುತ್ತದೆ.
ಅದಕ್ಕೊಂದು ಒಪ್ಪಂದ. ಅನುಮಾನ ಬರುವಲ್ಲಿ ನಿಂತು ಹೇಳುವುದು:
ಹಾಳು. ಳ, ದೊಡ್ಡದು.
ಹಾಲು. ಲ, ಸಣ್ಣದು.
ಮೊಳೆ ಜೋಡಿಸುವ ಐತಪ್ಪ ಒಳಗಿಂದ ನಗುತ್ತಿದ್ದ,
ಹಾಲಿಗೆ ಇಷ್ಟು ಲೆಕ್ಕ ಉಂಟಾ?

ರಾತ್ರಿ ಮನೆಯಲ್ಲಿ, ಎಲ್ಲ ಮಲಗಿದ ಮೇಲೆ
ಅದೇ ಕವಿತೆ ನೆನಪಿನಿಂದ, ತುಟಿ ಮುಚ್ಚಿ.
ಚುಕ್ಕಿಗಳು ಬಾಯಿ ಬಿಡುತ್ತಿರಲಿಲ್ಲ.
ಆದರೂ ಯಾರೋ ಓದುತ್ತಿದ್ದರು, ಗಂಟಲಿನ ಕೆಳಗೆಲ್ಲೋ,
ನನ್ನದಲ್ಲದ, ಸ್ವಲ್ಪ ಒಡೆದ ಸ್ವರದಲ್ಲಿ.
ಅಲ್ಲಿ ಮಾತ್ರ ನನ್ನ ಳ ಸರಿಯಾಗಿ ಮಡಚುತ್ತಿತ್ತು.

ಲೇಡಿಗೋಷನ್ ಆಸ್ಪತ್ರೆಗೆ ಇಬ್ಬರಾಗಿ ಹೋಗಿ
ಒಬ್ಬಳಾಗಿ ಬಂದ ವರ್ಷ,
ಹದಿನೆಂಟನೇ ದಿನ ಕೆಲಸಕ್ಕೆ ಹೋದೆ.
ಮೇಜಿನ ಮೇಲೆ ಬ್ರಹ್ಮಾವರದ ಒಬ್ಬ ಹೆಂಗಸಿನ ಹಸ್ತಪ್ರತಿ,
ನೀಲಿ ಶಾಯಿ, ಗಾಳಿಗೆ ಬಾಗಿದಂಥ ಅಕ್ಷರ.
ಮಧ್ಯಾಹ್ನದ ಬಾವಿಕಟ್ಟೆ ಅಲ್ಪವಿರಾಮ
ಕೊಡ ಇಳಿಸಿ ನಿಂತೆ ಪೂರ್ಣವಿರಾಮ ಹೊಸ ಸಾಲು

ಹೊಸ ಸಾಲಿನ ಮೊದಲ ಶಬ್ದದಲ್ಲಿ ಒಂದು ಳ ಇತ್ತು.
ನನ್ನ ಬಾಯಿಗೆ ಬಂದರೆ ಅದು ಏನಾಗುತ್ತದೆಂದು
ನನಗೆ ಗೊತ್ತಿತ್ತು.

ಪೊರ್ಬುಗಳು ಕನ್ನಡಕ ತೆಗೆದರು, ಮತ್ತೆ ಹಾಕಿದರು.
ಕಾಗದವನ್ನು ಮೆಲ್ಲಗೆ ನನ್ನ ಕೈಯಿಂದ ತೆಗೆದುಕೊಂಡು
ಕರಡಿನ ಪಕ್ಕ ಇಟ್ಟು, ಮನಸ್ಸಿನಲ್ಲೇ ಓದಿದರು.
ಫ್ಯಾನಿನ ಸದ್ದು. ಕೆಳಗೆ ಮೂಟೆ ಬಿದ್ದ ಸದ್ದು.
ಇಪ್ಪತ್ತಾರು ವರ್ಷದಲ್ಲಿ ಆ ಕೋಣೆಯಲ್ಲಿ
ಯಾರ ಕಿವಿಗೂ ಬೀಳದೆ ಅಚ್ಚಾದದ್ದು ಆ ಒಂದು ಪುಟ.

ಪುಸ್ತಕ ಬಂತು. ನಲವತ್ತೊಂದನೇ ಪುಟದಲ್ಲಿ
ಬಾಳೆಯ ನೆರಳು ಇರಬೇಕಾದಲ್ಲಿ
ಬಾಲೆಯ ನೆರಳು.
ಐತಪ್ಪನ ಕೈ ಅವನ ನಾಲಗೆಯ ಮಾತು ಕೇಳಿತ್ತು,
ಪೊರ್ಬುಗಳ ಕಣ್ಣು ಆ ಕೈಯನ್ನು ನಂಬಿತ್ತು.
ಕನ್ನಡದಲ್ಲಿ ಅದು ಯಾರೋ ಹುಡುಗಿ.
ನಮ್ಮ ತುಳುವಿನಲ್ಲಿ ಬಾಲೆ ಎಂದರೆ
ಇನ್ನೂ ಹೆಸರಿಡದ ಕೂಸು ಕೂಡ.

ಬರೆದವರಿಂದ ದೂರು ಬರಲಿಲ್ಲ.
ಈಗ ಆ ಮಹಡಿಯಲ್ಲಿ ಮೊಬೈಲ್ ರಿಪೇರಿ.
ಪೊರ್ಬುಗಳು ಕುಲಶೇಖರದಲ್ಲಿ ಇಗರ್ಜಿಯ ಹಿಂದೆ ಮಲಗಿದ್ದಾರೆ,
ಕಲ್ಲಿನ ಮೇಲಿನ ಹೆಸರಿನಲ್ಲಿ ಒಂದು ದೀರ್ಘ ಬಿಟ್ಟುಹೋಗಿದೆ.

ಮೊನ್ನೆ ಕರೆಂಟು ಹೋದ ಸಂಜೆ ಆ ಪುಟ ತೆರೆದೆ.
ಪೆನ್ಸಿಲ್ ಕೈಯಲ್ಲೇ ಇತ್ತು. ತಿದ್ದಲಿಲ್ಲ.
ಪಕ್ಕದ ಮನೆಯ ಕುಕ್ಕರ್ ಕೂಗಿ ನಿಲ್ಲುವವರೆಗೆ ಕಾದು,
ಎದುರಿಗೆ ಯಾರೋ ಕರಡು ಹಿಡಿದು ಕೂತ ಹಾಗೆ
ರಾಗವಿಲ್ಲದೆ, ಗಟ್ಟಿಯಾಗಿ ಓದಿದೆ:

ಬಾಲೆಯ ನೆರಳಲ್ಲಿ ತುಸು ಕೂತು ಏಳುತ್ತೇನೆ ಪೂರ್ಣವಿರಾಮ

ಬಾಲೆ.
ಲ, ಸಣ್ಣದು.